ಮೊದಲ ನಮಸ್ಕಾರ ಶುದ್ಧ ನೀರು ಕೊಟ್ಟವರಿಗೆ

ಪಿಎಚ್‌.ಡಿ. ಮೌಖಿಕ ಪರೀಕ್ಷೆ ಮುಗಿಯಿತು. ಹಾರೈಸಿದ ಎಲ್ಲರಿಗೂ ವಂದನೆಗಳು. ಮಹಾಪ್ರಬಂಧದಲ್ಲಿ ಹುದ್ದೆಯ ಹಿರಿತನ ನೋಡಿ ಹೆಸರು ಬರೆಯುವುದು ವಾಡಿಕೆ. ಇಲ್ಲಿ ಆ ಕಟ್ಟುಪಾಡಿಲ್ಲ.

ಹಾಗಾಗಿ ಮೊದಲ ನಮಸ್ಕಾರ ನಮ್ಮ ಪ್ರಯೋಗಾಲಯದ ಸಹಾಯಕರಿಗೆ. ನನ್ನ ವಿಷಯ ನೀರಿನಲ್ಲಿ ಹರಡಿಕೊಂಡ ಸಿಲಿಕಾ ನ್ಯಾನೋಕಣಗಳು. ನೀರಿನಲ್ಲಿ ಸಿಲಿಕಾದ ಮೇಲ್ಮೈ ಋಣಾವೇಶ ಪಡೆಯುತ್ತದೆ, ಕಣಗಳು ಒಂದನ್ನೊಂದು ದೂರ ತಳ್ಳುತ್ತವೆ. ನೀರು ಬಹಳ ಶುದ್ಧವಾಗಿದ್ದರೆ ಈ ತಳ್ಳಾಟ ದೂರದವರೆಗೆ ಮುಟ್ಟಿ, ದ್ರವದೊಳಗೇ ಒಂದು ಬಗೆಯ ಕ್ರಮ ಮೂಡುತ್ತದೆ. ಉಪ್ಪು ಬೆರೆತರೆ ಅದರ ಅಯಾನುಗಳು, ಅಂದರೆ ವಿದ್ಯುದಾವೇಶ ಹೊತ್ತ ಪರಮಾಣುಗಳು, ಈ ತಳ್ಳಾಟವನ್ನು ಮರೆಮಾಡುತ್ತವೆ: ಲೀಟರಿಗೆ 58 ಮಿಲಿಗ್ರಾಂ ಅಡುಗೆ ಉಪ್ಪು ಬೆರೆತರೆ ತಳ್ಳಾಟದ ವ್ಯಾಪ್ತಿ ಸುಮಾರು 10 ನ್ಯಾನೋಮೀಟರ್, 5.8 ಗ್ರಾಂ ಬೆರೆತರೆ ಬರೀ 1. ಉಪ್ಪನ್ನು ನಾವೇ ಹಾಕಬೇಕೆಂದೂ ಇಲ್ಲ. ತೆರೆದಿಟ್ಟ ನೀರು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರುತ್ತದೆ, ಗಾಜಿನ ಸೀಸೆ ಸೋಡಿಯಂ ಬಿಡುತ್ತದೆ; ಎರಡರಿಂದಲೂ ನೀರಿಗೆ ಅಯಾನುಗಳು ಸೇರುತ್ತವೆ. ಒಂದೇ ಮಾದರಿ ಬೆಳಿಗ್ಗೆ ಒಂದು, ಸಂಜೆ ಇನ್ನೊಂದು ಉತ್ತರ ಕೊಟ್ಟು ಕಂಗೆಡಿಸಿದ್ದ ದಿನಗಳಲ್ಲಿ, “ಸೀಸೆ ಬದಲಿಸಿ ನೋಡಿ ಮೇಡಂ” ಎಂದವರು ಅವರು. ಪ್ಲಾಸ್ಟಿಕ್ ಬಾಟಲಿ, ಬಿಗಿ ಮುಚ್ಚಳ, ಒಳಗೆ ನೀರಿನ ಬೇಡದ ಅಯಾನುಗಳನ್ನು ಹಿಡಿದಿಡುವ ಒಂದಿಷ್ಟು ಅಯಾನು ವಿನಿಮಯ ರಾಳ: ಅಲ್ಲಿಂದ ಮುಂದೆ ಅಂಕಿಗಳು ಹಟ ಬಿಟ್ಟವು.

ಮುಂಬೈನ ಟ್ರಾಂಬೆಯಲ್ಲಿರುವ ಧ್ರುವ ಸಂಶೋಧನಾ ರಿಯಾಕ್ಟರಿನ ಕಿರುಕೋನ ನ್ಯೂಟ್ರಾನ್ ಚದುರಿಕೆ ಉಪಕರಣವನ್ನು ನಡೆಸುವವರಿಗೂ ಋಣಿ. ಮಾದರಿಯ ಮೂಲಕ ಹಾಯಿಸಿದ ನ್ಯೂಟ್ರಾನುಗಳು ಯಾವ ಕೋನಕ್ಕೆ ಎಷ್ಟು ಚದುರುತ್ತವೆ ಎಂದು ಅದು ಅಳೆಯುತ್ತದೆ. ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಅಂಥ ಬಾಗಿಲು ತೆರೆದಿರುವುದು ಸಣ್ಣ ಮಾತಲ್ಲ. ಚದುರಿಕೆಯ ನಕ್ಷೆಯಲ್ಲಿ ಏಳುವ ಶಿಖರ ಕಣಗಳ ನಡುವಿನ ಅಂತರವನ್ನು ಹೇಳುತ್ತದೆ. ನನಗೆ ಅದಕ್ಕಿಂತ ಇಷ್ಟವಾದದ್ದು ನಕ್ಷೆಯ ಎಡತುದಿ, ಅಂದರೆ ಅತಿ ಕಿರಿದಾದ ಕೋನಗಳ ಭಾಗ. ಕಣಗಳು ಬಲವಾಗಿ ತಳ್ಳಿಕೊಂಡಷ್ಟೂ ಅಲ್ಲಿನ ಚದುರಿಕೆ ಇಳಿಯುತ್ತದೆ, ಏಕೆಂದರೆ ಅಂಥ ಕಣಸಮೂಹವನ್ನು ಒತ್ತಿ ಹತ್ತಿರ ತರುವುದು ಕಷ್ಟ. ರಚನೆಯೂ ಉಷ್ಣಗತಿವಿಜ್ಞಾನವೂ ಒಂದೇ ಗೆರೆಯಲ್ಲಿ!

ಅಷ್ಟಕ್ಕೇ ಹಿಗ್ಗಿದ್ದ ನನಗೆ, ಆಸ್ಮಾಟಿಕ್ ಒತ್ತಡವನ್ನು (ಕಣಗಳನ್ನು ತಡೆಯುವ ಪೊರೆಯಾಚೆಯಿಂದ ದ್ರವ ನೀರನ್ನು ಸೆಳೆಯುವ ಒತ್ತಡ) ಬೇರೆಯಾಗಿ ಅಳೆಯದೆ ಪ್ರಬಂಧಕ್ಕೆ ಸಹಿ ಹಾಕುವುದಿಲ್ಲ ಎಂದವರು ಮಾರ್ಗದರ್ಶಕರು. ಆಗ ಸಿಟ್ಟು ಬಂದಿತ್ತು. ಆದರೆ ಕಣದ ಸುತ್ತಲಿನ ಧನ ಅಯಾನುಗಳಲ್ಲಿ ಬಹಳಷ್ಟು ಮೇಲ್ಮೈಗೆ ಕಚ್ಚಿಕೊಂಡಂತೆ ಉಳಿದು, ಸ್ವತಂತ್ರವಾಗಿ ಅಲೆಯುವ ಕೆಲವೇ ಅಯಾನುಗಳು ಒತ್ತಡಕ್ಕೆ ಲೆಕ್ಕವಾಗುತ್ತವೆ ಎಂಬುದು ಆ ಅಳತೆಯಿಂದಲೇ ಕಣ್ಣಿಗೆ ಕಟ್ಟಿತು. ಪರೀಕ್ಷಕರು ಹೆಚ್ಚು ಹೊತ್ತು ಕೆದಕಿದ್ದೂ ಆ ಅಧ್ಯಾಯವನ್ನೇ. ಸರ್, ನಿಮ್ಮ ಹಟಕ್ಕೆ ನಮಸ್ಕಾರ.

ಶಿಷ್ಯವೇತನ ತಡವಾದಾಗಲೆಲ್ಲ ಕೇಳದೆಯೇ ಹಣ ಕಳುಹಿಸಿದ ಅಕ್ಕನಿಗೆ, “ಇನ್ನೂ ಮುಗಿಯಲಿಲ್ಲವೇ” ಎಂದು ಒಮ್ಮೆಯೂ ಕೇಳದ ಅಮ್ಮನಿಗೆ ಏನು ಹೇಳಿದರೂ ಕಡಿಮೆ. ರಾಳದ ಡಬ್ಬಿ ಮತ್ತು ಬಾಟಲಿಗಳನ್ನು ಕಿರಿಯರಿಗೆ ಒಪ್ಪಿಸಿದ್ದೇನೆ. ಸೋಮವಾರ ವಿಭಾಗದಲ್ಲಿ ಪೇಡೆ ಹಂಚುತ್ತೇನೆ, ಎಲ್ಲರೂ ಬನ್ನಿ.