ಎಲ್ಲವನ್ನೂ ‘ನರ’ ಎಂದು ಬರೆಯುವುದು ಬೇಡ

ಮಾನ್ಯ ಸಂಪಾದಕರೇ,

ಮುಂಬಯಿಯಲ್ಲಿ ಶುಶ್ರೂಷಾ ತರಬೇತಿಗೆ ಸೇರುವ ಮಕ್ಕಳಿಗೆ ಅಂಗರಚನೆ ಮತ್ತು ಅಂಗಕ್ರಿಯೆಯ ಮೊದಲ ಪಾಠಗಳನ್ನು ಹೇಳಿಕೊಡುತ್ತ ಇಪ್ಪತ್ತೆರಡು ವರ್ಷ ಕಳೆದಿರುವ ನನಗೆ, ಪತ್ರಿಕೆಗಳ ವಿದ್ಯಾರ್ಥಿ ಪುಟಗಳಲ್ಲೂ ಆರೋಗ್ಯ ಅಂಕಣಗಳಲ್ಲೂ ಮತ್ತೆ ಮತ್ತೆ ಕಾಣುವ ಒಂದು ಪದದ ಬಗ್ಗೆ ಬರೆಯಬೇಕೆಂದು ಬಹಳ ದಿನಗಳಿಂದ ಅನಿಸುತ್ತಿತ್ತು. ಆ ಪದ ‘ನರ’. ಸೂಜಿ ಚುಚ್ಚಲು ನರ ಸಿಗಲಿಲ್ಲ ಎನ್ನುತ್ತೇವೆ, ಕಾಲಿನಲ್ಲಿ ನರ ಉಬ್ಬಿದೆ ಎನ್ನುತ್ತೇವೆ, ಕುತ್ತಿಗೆಯ ನರ ಹಿಡಿದುಕೊಂಡಿದೆ ಎನ್ನುತ್ತೇವೆ. ಮೊದಲ ಎರಡು ಮಾತುಗಳಲ್ಲಿರುವುದು ರಕ್ತನಾಳ. ಮೂರನೆಯದರಲ್ಲಿ ಹೆಚ್ಚಿನ ಸಲ ಸ್ನಾಯು. ಮನೆಮಾತಿನಲ್ಲಿ ಇದು ನಡೆಯುತ್ತದೆ. ಆದರೆ ಪಾಠ ಹೇಳುವ ಬರಹವೂ ಹೀಗೆಯೇ ಬರೆದರೆ, ನರವೆಂದರೆ ರಕ್ತ ಹರಿಯುವ ಕೊಳವೆ ಎಂಬ ತಿಳಿವಳಿಕೆ ಹೊಸ ವಿದ್ಯಾರ್ಥಿಯ ಮನಸ್ಸಿನಲ್ಲಿ ಬೇರೂರಿಬಿಡುತ್ತದೆ, ಅದನ್ನು ಕೀಳಲು ನನಗೆ ಅರ್ಧ ವರ್ಷ ಬೇಕಾಗುತ್ತದೆ. ಇಲ್ಲಿನ ವಾರ್ಡುಗಳ ಹಿಂದಿಯಲ್ಲಿ ‘ನಸ್’ ಎಂಬ ಮಾತೂ ಇದೇ ಕೆಲಸ ಮಾಡುವುದರಿಂದ ಗೊಂದಲ ಇಮ್ಮಡಿಯಾಗುತ್ತದೆ.

ಮೊದಲ ದಿನ ನಾನು ಗೋಡೆಯ ಚಿತ್ರಪಟವನ್ನು ಮುಟ್ಟುವುದೇ ಇಲ್ಲ. ಎಡ ಅಂಗೈಯನ್ನು ಮೇಲೆ ಮಾಡಿ ಅವರವರ ಮಣಿಕಟ್ಟನ್ನೇ ನೋಡಿಕೊಳ್ಳಲು ಹೇಳುತ್ತೇನೆ. ಮುಷ್ಟಿ ಬಿಗಿದು ಮಣಿಕಟ್ಟನ್ನು ತುಸು ಒಳಕ್ಕೆ ಬಾಗಿಸಿದಾಗ ನಡುವೆ ಹುರಿಯಂತೆ ಎದ್ದು ನಿಲ್ಲುವುದು ಸ್ನಾಯುರಜ್ಜು. ಮುಂಗೈ ಸ್ನಾಯುವಿನ ಎಳೆತವನ್ನು ಕೈಗೆ ಮುಟ್ಟಿಸುವುದು ಅದರ ಕೆಲಸ. ಚರ್ಮದಡಿ ನೀಲಿಯಾಗಿ ಕಾಣುವ ಗೆರೆಗಳು ಅಭಿಧಮನಿಗಳು. ಹೆಬ್ಬೆರಳಿನ ಬುಡದ ಕೆಳಗೆ ಎರಡು ಬೆರಳಿಟ್ಟಾಗ ನಿಮಿಷಕ್ಕೆ ಸುಮಾರು 72 ಸಲ ಮಿಡಿಯುವುದು ಅಪಧಮನಿ. ಹಾಗಾದರೆ ನರ ಎಲ್ಲಿ ಎಂದು ಮಕ್ಕಳು ಕೇಳುತ್ತಾರೆ. ಅದೂ ಅಲ್ಲೇ, ರಜ್ಜುಗಳ ಮರೆಯಲ್ಲಿ ಅಂಗೈಯತ್ತ ಸಾಗುತ್ತದೆ, ಆದರೆ ಉಬ್ಬುವುದಿಲ್ಲ, ಮಿಡಿಯುವುದಿಲ್ಲ. ಅದರ ಅನುಭವ ಬೇಕಿದ್ದರೆ ಮೊಣಕೈಯ ಒಳಬದಿ ಬಾಗಿಲ ಅಂಚಿಗೆ ತಾಗಿದ ಗಳಿಗೆಯನ್ನು ನೆನೆಯಬೇಕು: ಕಿರುಬೆರಳಿನವರೆಗೂ ಕರೆಂಟು ಹೊಡೆದಂತಾಗುತ್ತದಲ್ಲ, ಅದು ನರದ ಮಾತು. ನರವು ಸಂದೇಶ ಒಯ್ಯುವ ತಂತುಗಳ ಕಟ್ಟು. ವೇಗದ ತಂತುಗಳಲ್ಲಿ ಸಂದೇಶವು ಸೆಕೆಂಡಿಗೆ 100 ಮೀಟರಿನಷ್ಟು ಓಡುತ್ತದೆ. ಮಿದುಳಿನಿಂದ 12 ಜೊತೆ, ಮಿದುಳುಬಳ್ಳಿಯಿಂದ 31 ಜೊತೆ ನರಗಳು ಹೊರಡುತ್ತವೆ.

ಅಪಧಮನಿ, ಅಭಿಧಮನಿ ಎಂಬ ಪದಗಳು ಮಕ್ಕಳಿಗೆ ಕಷ್ಟ, ಒಂದಕ್ಕೊಂದು ಕಲೆತುಹೋಗುತ್ತವೆ ಎಂದು ಅವನ್ನು ಬಿಟ್ಟು ‘ನರ’ ಎಂದು ಬರೆಯುವವರಿದ್ದಾರೆ. ನನ್ನ ಅನುಭವ ಬೇರೆ. ‘ಅಪ’ ಎಂದರೆ ದೂರಕ್ಕೆ, ‘ಅಭಿ’ ಎಂದರೆ ಕಡೆಗೆ. ಹೃದಯದಿಂದ ದೂರಕ್ಕೆ ಒಯ್ಯುವುದು ಅಪಧಮನಿ, ಹೃದಯದ ಕಡೆಗೆ ತರುವುದು ಅಭಿಧಮನಿ. ವ್ಯಾಖ್ಯೆ ಪದದೊಳಗೇ ಇದೆ. ಇದನ್ನು ಹಿಡಿದುಕೊಂಡ ವಿದ್ಯಾರ್ಥಿನಿ, ಶ್ವಾಸಕೋಶಕ್ಕೆ ಹೋಗುವ ಅಪಧಮನಿಯಲ್ಲಿ ಆಮ್ಲಜನಕ ಕಡಿಮೆ ಇರುವ ರಕ್ತವೇಕಿದೆ ಎಂದು ತಡವರಿಸುವುದಿಲ್ಲ, ಏಕೆಂದರೆ ಹೆಸರು ಬಂದಿರುವುದು ಹರಿವಿನ ದಿಕ್ಕಿನಿಂದ, ರಕ್ತದ ಬಣ್ಣದಿಂದಲ್ಲ. ಬಣ್ಣದ ಮಾತು ಬಂದುದರಿಂದ ಹೇಳುತ್ತೇನೆ: ಅಭಿಧಮನಿಯ ರಕ್ತ ಕಡುಗೆಂಪು, ನೀಲಿ ಕಾಣುವುದು ಚರ್ಮದ ಮೂಲಕ ಬೆಳಕು ಹಾಯುವ ಬಗೆಯಿಂದ.

ದಿಕ್ಕನ್ನು ಕಣ್ಣಾರೆ ಕಾಣಿಸಲೂ ಬಹುದು. ರಕ್ತ ಮೈಯಲ್ಲೆಲ್ಲ ಸುತ್ತಿ ಹೃದಯಕ್ಕೆ ಮರಳುತ್ತದೆಂದು ತೋರಿಸಿದ ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ 1628ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನನ್ನ ವಿದ್ಯಾರ್ಥಿಗಳು ಬೆಂಚಿನ ಮೇಲೆ ಕೂತೇ ಮಾಡುತ್ತಾರೆ. ಕೈಯನ್ನು ಇಳಿಬಿಟ್ಟು, ಉಬ್ಬಿದ ಅಭಿಧಮನಿಯೊಂದನ್ನು ಬೆರಳ ತುದಿಯಿಂದ ಒತ್ತಿ ಹಿಡಿದು, ಇನ್ನೊಂದು ಬೆರಳಿನಿಂದ ಅದರೊಳಗಿನ ರಕ್ತವನ್ನು ಮೊಣಕೈಯತ್ತ ಸವರಿ ಬಿಟ್ಟರೆ, ಮೇಲಿನ ಕವಾಟದವರೆಗೆ, ಅಂದರೆ ರಕ್ತವನ್ನು ಹೃದಯದತ್ತ ಮಾತ್ರ ಬಿಡುವ ನಾಳದೊಳಗಿನ ಬಾಗಿಲಿನವರೆಗೆ, ನಾಳ ಬರಿದಾಗಿಯೇ ಉಳಿಯುತ್ತದೆ, ರಕ್ತ ಹಿಂದಕ್ಕೆ ಇಳಿಯುವುದಿಲ್ಲ. ಒತ್ತಿದ ಬೆರಳನ್ನು ತೆಗೆದ ಕೂಡಲೇ ಕೆಳಗಿನಿಂದ ತುಂಬಿಕೊಳ್ಳುತ್ತದೆ. ಆ ಕ್ಷಣ ಮಕ್ಕಳ ಮುಖ ನೋಡಬೇಕು.

ಇದು ಪರೀಕ್ಷೆಯ ಅಂಕಗಳಿಗಷ್ಟೇ ಸಂಬಂಧಿಸಿದ ಸಂಗತಿಯಾಗಿದ್ದರೆ ನಾನು ಬರೆಯುತ್ತಿರಲಿಲ್ಲ. ಮಾಟುಂಗಾದಲ್ಲಿ ನಮ್ಮ ಕಟ್ಟಡದ ಹಿರಿಯರೊಬ್ಬರು ಮೂವತ್ತು ವರ್ಷ ಹೋಟೆಲಿನ ದೋಸೆ ಕಾವಲಿಯ ಮುಂದೆ ನಿಂತವರು. ಕಾಲಿನಲ್ಲಿ ‘ನರ ಉಬ್ಬಿದೆ’ ಎಂಬ ಮಾತನ್ನು ನಂಬಿ ತಿಂಗಳುಗಟ್ಟಲೆ ‘ನರಕ್ಕೆ ಒಳ್ಳೆಯದು’ ಎಂಬ ವಿಟಮಿನ್ ಮಾತ್ರೆ ನುಂಗಿದರು. ಅವರ ನರಗಳಿಗೆ ಏನೂ ಆಗಿರಲಿಲ್ಲ. ನಡೆಯುವಾಗ ಮೀನಖಂಡದ ಸ್ನಾಯು ಹಿಂಡಿಕೊಂಡು ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ನಿಂತೇ ಇದ್ದರೆ ಆ ತಳ್ಳುವಿಕೆ ಇಲ್ಲ, ರಕ್ತದ ಭಾರವೆಲ್ಲ ಅಭಿಧಮನಿಯ ಮೇಲೆ, ಕವಾಟ ಸೋತಿತೆಂದರೆ ನಾಳ ಹಿಗ್ಗಿ ಹಾವಿನಂತೆ ಸುತ್ತಿಕೊಳ್ಳುತ್ತದೆ. ಕೊನೆಗೆ ಪಾದದ ಗಂಟಿನ ಬಳಿ ಹುಣ್ಣಾದ ಮೇಲೆಯೇ ಅವರು ಸರಿಯಾದ ವೈದ್ಯರಲ್ಲಿಗೆ ಹೋದದ್ದು.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಇಷ್ಟು. ವಿದ್ಯಾರ್ಥಿ ಪುಟದಲ್ಲಿ ಅಪಧಮನಿ, ಅಭಿಧಮನಿ, ನರ, ಸ್ನಾಯುರಜ್ಜು ಎಂಬ ನಾಲ್ಕು ಪದಗಳನ್ನು ಆಯಾ ಅರ್ಥದಲ್ಲಿಯೇ ಬಳಸಬೇಕು. ಆರೋಗ್ಯ ಅಂಕಣದಲ್ಲಿ ಅಷ್ಟು ಬಿಗಿ ಬೇಡವೆನಿಸಿದರೆ ‘ರಕ್ತನಾಳ’ ಎಂದಾದರೂ ಬರೆಯಬೇಕು. ಕೆಂಪು ಮತ್ತು ನೀಲಿ ಬಣ್ಣದ ರಕ್ತಪರಿಚಲನೆಯ ಚಿತ್ರ ಅಚ್ಚಾದಾಗ, ನೀಲಿ ಬಣ್ಣ ಗುರುತಿಗಾಗಿ ಮಾತ್ರ ಎಂಬ ಒಂದು ಸಾಲು ಅದರಡಿ ಇರಲಿ.

ಇಂತಿ,
ಶುಶ್ರೂಷಾ ತರಬೇತಿಯ ಬೋಧಕಿ,
ಮಾಟುಂಗಾ, ಮುಂಬಯಿ