ಇನ್‌ಚಾರ್ಜ್ ಆಗಿರುವ ಪುಟ್ಟಿಗೆ

ಪ್ರೀತಿಯ ಪುಟ್ಟಿ,

ನಿಮ್ಮಪ್ಪ ನಿನ್ನೆ ರಾತ್ರಿ ಫೋನ್ ಮಾಡಿದ್ದ. ನಿನ್ನನ್ನು ಮೆಡಿಕಲ್ ವಾರ್ಡಿಗೆ ಇನ್‌ಚಾರ್ಜ್ ಸಿಸ್ಟರ್ ಮಾಡಿದ್ದಾರಂತೆ. ತುಂಬಾ ಖುಷಿಯಾಯ್ತು ಕಣೇ. "ಅವಳಿಗೆ ಒಳಗೊಳಗೇ ಹೆದರಿಕೆ, ನೀನೇ ಏನಾದರೂ ಹೇಳಕ್ಕಾ" ಅಂದ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತೆ, ಅದಕ್ಕೇ ಬರೆಯುತ್ತಿದ್ದೇನೆ.

ನಾನು 32 ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಬೇರೆಯವರ ಕೈಕೆಳಗೆ. ಇನ್‌ಚಾರ್ಜ್ ಹೇಗಿರಬೇಕು ಅನ್ನೋದನ್ನು ಕಲಿತದ್ದೂ ಆಗಲೇ.

ಕೆಲಸಕ್ಕೆ ಸೇರಿ ಎರಡನೇ ವರ್ಷ. ನೈಟ್ ಡ್ಯೂಟಿ, ಬೆಳಗಿನ ಇನ್ಸುಲಿನ್ ಹಾಕುವ ಹೊತ್ತು. ನಮ್ಮ ವಾರ್ಡಿನಲ್ಲಿ ಇರುತ್ತಿದ್ದದ್ದು ಒಂದು ಎಂಎಲ್‌ಗೆ 40 ಯೂನಿಟ್‌ನ ಸೀಸೆ, ಅದಕ್ಕೆ ತಕ್ಕ ಗೆರೆಗಳಿರುವ ಕೆಂಪು ಮುಚ್ಚಳದ ಸಿರಿಂಜ್. ಅವತ್ತು ಒಬ್ಬ ಅಜ್ಜನ ಮಗ ಹೊರಗಿನ ಮೆಡಿಕಲ್ ಸ್ಟೋರಿನಿಂದ 100 ಯೂನಿಟ್‌ನದ್ದು ತಂದುಕೊಟ್ಟಿದ್ದ. ನಾನು ಸೀಸೆಯ ಮೇಲೆ ಸರಿಯಾಗಿ ನೋಡದೆ, ಅದೇ ಕೆಂಪು ಮುಚ್ಚಳದ ಸಿರಿಂಜಿನಲ್ಲಿ 10ರ ಗೆರೆಯವರೆಗೆ ಎಳೆದು ಹಾಕಿಬಿಟ್ಟೆ. 10 ಯೂನಿಟ್ ಹೋಗಬೇಕಿದ್ದ ಕಡೆ 25 ಹೋಯಿತು. ಸೀಸೆಯನ್ನು ಡಬ್ಬಿಯೊಳಗೆ ಇಡುವಾಗ ಆ ನೂರು ಕಣ್ಣಿಗೆ ಬಿತ್ತು. ಕೈಕಾಲು ತಣ್ಣಗಾದವು. ಹೇಳದೆ ಸುಮ್ನಿದ್ದುಬಿಟ್ಟರೆ ಯಾರಿಗೆ ಗೊತ್ತಾಗುತ್ತೆ ಅಂತ ಒಂದು ಗಳಿಗೆ ಅನಿಸಿದ್ದು ನಿಜ, ನಿನ್ನ ಹತ್ತಿರ ಯಾಕೆ ಮುಚ್ಚಿಡಲಿ.

ನಮ್ಮ ಇನ್‌ಚಾರ್ಜ್ ಸಿಸ್ಟರ್ ಆಗಷ್ಟೇ ಬಂದು ಬ್ಯಾಗ್ ಇಡುತ್ತಿದ್ದರು. ಅವರ ಹತ್ತಿರ ಹೋಗಿ ಹೇಳಿದೆ. ಅವರು ಒಂದು ಮಾತೂ ಆಡದೆ ನೇರ ಅಜ್ಜನ ಮಂಚದ ಹತ್ತಿರ ಹೋದರು. ಶುಗರ್ ನೋಡಿದರು, ಡ್ಯೂಟಿ ಡಾಕ್ಟರನ್ನು ಕರೆಸಿದರು, ಕೂತು ತಿಂಡಿ ತಿನ್ನಿಸಿದರು, ಶುಗರ್ ತೀರಾ ಇಳಿದರೆ ನರಕ್ಕೆ ಹಾಕೋ ಗ್ಲೂಕೋಸ್, 25 ಪರ್ಸೆಂಟ್ ಡೆಕ್ಸ್‌ಟ್ರೋಸ್ ತಂದು ಪಕ್ಕದಲ್ಲೇ ಇಟ್ಟುಕೊಂಡರು. ಅಜ್ಜನ ಶುಗರ್ ಇಳಿಯಿತು, ಬೆವರಿದರು, ಡೆಕ್ಸ್‌ಟ್ರೋಸ್ ಹಾಕಬೇಕಾಯಿತು, ಆದರೆ ಅಜ್ಜ ಚೇತರಿಸಿಕೊಂಡರು. ನನ್ನ ಡ್ಯೂಟಿ ಮುಗಿದಿದ್ದರೂ ನಾನು ಮನೆಗೆ ಹೋಗಿರಲಿಲ್ಲ. ಹನ್ನೊಂದರ ಹೊತ್ತಿಗೆ ಸ್ಟೋರ್ ರೂಮಿಗೆ ಕರೆದು, ಕೂರಿಸಿ, ಕಾಫಿ ಕೊಟ್ಟು ಕೇಳಿದರು: ರಾತ್ರಿ ಎಷ್ಟು ಪೇಷಂಟ್ ಇದ್ದರು, ಎಷ್ಟು ಜನಕ್ಕೆ ಇನ್ಸುಲಿನ್ ಇತ್ತು, ಎರಡೂ ಥರದ ಸೀಸೆ ಒಂದೇ ಟ್ರೇನಲ್ಲಿತ್ತಾ? ರಿಜಿಸ್ಟರಿನಲ್ಲಿ ಎಲ್ಲ ಬರೆಸಿದರು. ಅಜ್ಜನ ಮಗನಿಗೆ ನನ್ನ ಬಾಯಿಂದಲೇ ಹೇಳಿಸಿದರು, ತಾವು ನನ್ನ ಪಕ್ಕದಲ್ಲಿ ನಿಂತು. ಮರುದಿನ ನೋಡಿದರೆ ಎರಡು ಟ್ರೇ, 100ರದ್ದಕ್ಕೆ ಕಿತ್ತಳೆ ಬಣ್ಣದ ಪಟ್ಟಿ.

ಆಮೇಲೆ ನನಗೆ ಇನ್ನೊಂದು ಕಡೆ ವರ್ಗವಾಯಿತು. ಅಲ್ಲಿಯ ಇನ್‌ಚಾರ್ಜ್ ಕೆಲಸದಲ್ಲಿ ಬಹಳ ಜೋರು. ಥರ್ಮಾಮೀಟರ್ ಒಡೆದರೆ ನಿಮ್ಮ ಸಂಬಳದಲ್ಲಿ ಹಿಡಿಸ್ತೀನಿ ಅಂತ ವಾರ್ಡಿನ ನಡುವೆ ನಿಂತು ಕೂಗೋರು. ಅಲ್ಲಿ ಒಡೆದದ್ದೆಲ್ಲ ಕಿಟಕಿಯಾಚೆ ಹೋಗುತ್ತಿತ್ತು, ಚಾರ್ಟಿನಲ್ಲಿ ಮಾತ್ರ ಇಪ್ಪತ್ತು ಪೇಷಂಟಿಗೂ 98.6. ಜ್ವರ ಬಂದವರಿಗೂ ಅದೇ! ಈಗಲೂ ಆ ಚಾರ್ಟ್ ನೆನೆಸಿಕೊಂಡರೆ ಹೊಟ್ಟೆಯಲ್ಲಿ ಸಂಕಟ ಆಗುತ್ತೆ. ಪುಟ್ಟಿ, ನಿನ್ನ ಹುಡುಗಿಯರು ತಪ್ಪು ಮಾಡಿದ ಐದು ನಿಮಿಷಕ್ಕೆ ನಿನ್ನ ಹತ್ತಿರ ಓಡಿ ಬರಬೇಕು. ಎರಡು ದಿನ ಆದಮೇಲೆ ಬೇರೆ ಯಾರದ್ದೋ ಬಾಯಿಂದ ನಿನಗೆ ಗೊತ್ತಾದರೆ, ಮೊದಲು ನಿನ್ನ ಮಾತಿನ ರೀತಿ ಹೇಗಿದೆ ಅಂತ ನೋಡಿಕೋ.

ನೀನು ಓದಿರಬೇಕು, ಮ್ಯಾಗ್ನೆಟ್ ಆಸ್ಪತ್ರೆಗಳ ವಿಷಯ. ಅಮೆರಿಕದಲ್ಲಿ ನರ್ಸ್‌ಗಳು ಸಿಗದೆ ಒದ್ದಾಡುತ್ತಿದ್ದ ಕಾಲದಲ್ಲಿ, ಅಲ್ಲಿನ ನರ್ಸಿಂಗ್ ಅಕಾಡೆಮಿಯವರು ನರ್ಸ್‌ಗಳು ಬಿಟ್ಟುಹೋಗದ 41 ಆಸ್ಪತ್ರೆ ಆರಿಸಿ, ಇಲ್ಲಿ ಏನಿದೆ ಅಂತ ವಿಚಾರಿಸಿ 1983ರಲ್ಲಿ ವರದಿ ಕೊಟ್ಟರು. ಅಲ್ಲಿಯ ಮೇಲಿನವರು ಕಣ್ಣಿಗೆ ಕಾಣುತ್ತಿದ್ದರು, ಕೈಗೆ ಸಿಗುತ್ತಿದ್ದರು, ಕೆಳಗಿನವರ ಮಾತು ಕೇಳುತ್ತಿದ್ದರು. ನೀನೂ ಆಫೀಸ್ ರೂಮಿನಲ್ಲೇ ಕೂತುಬಿಡಬೇಡ. ಇಂಡೆಂಟ್, ಸ್ಟಾಕ್ ಬುಕ್ ಎಲ್ಲ ಮಾಡಲೇಬೇಕು, ಒಪ್ಪಿದೆ. ಆದರೆ ಎಂಟು ಗಂಟೆಗೆ ನೈಟ್‌ನವರು ಬೆಳಗಿನವರಿಗೆ ವಾರ್ಡು ಒಪ್ಪಿಸೋ ಹ್ಯಾಂಡೋವರ್ ತಪ್ಪಿಸಬೇಡ. ಯಾರಿಗಾದರೂ ಕ್ಯಾನುಲಾ ಹಾಕೋಕೆ ನರ ಸಿಗದೆ ಮೂರನೇ ಸಲ ಚುಚ್ಚುತ್ತಿದ್ದರೆ, ಹೋಗಿ ಕೈ ಹಿಡಿದು ತೋರಿಸು.

ಇನ್ನು ರೋಸ್ಟರ್, ಯಾರಿಗೆ ಯಾವತ್ತು ಯಾವ ಡ್ಯೂಟಿ ಅನ್ನೋ ಪಟ್ಟಿ. ನಿನ್ನ ಬಗ್ಗೆ ನಿನ್ನ ಹುಡುಗಿಯರು ಏನು ಮಾತಾಡಿಕೊಳ್ಳುತ್ತಾರೋ ಅದರಲ್ಲಿ ಮುಕ್ಕಾಲು ಪಾಲು ರೋಸ್ಟರಿನದ್ದೇ ಇರುತ್ತೆ. ಗುತ್ತಿಗೆ ಹುಡುಗಿಯರು ಬಾಯಿ ತೆಗೆಯಲ್ಲ, ಅದಕ್ಕೇ ಎಲ್ಲಾ ಕಡೆ ಅವರ ತಲೆಗೇ ಜಾಸ್ತಿ ನೈಟ್ ಕಟ್ಟುತ್ತಾರೆ. ನೀನು ಹಾಗೆ ಮಾಡಬೇಡಮ್ಮ. ಗೌರಿ ಹಬ್ಬಕ್ಕೆ ಯಾರಿಗೆ ರಜೆ, ಕ್ರಿಸ್‌ಮಸ್‌ಗೆ ಯಾರಿಗೆ, ರಂಜಾನಿಗೆ ಯಾರಿಗೆ ಅಂತ ಒಂದು ಪುಸ್ತಕದಲ್ಲಿ ವರ್ಷಪೂರ್ತಿ ಬರೆದಿಡು. ಯಾರಾದರೂ ಕೇಳಿದರೆ ಬಿಚ್ಚಿ ತೋರಿಸುವ ಹಾಗಿರಲಿ. ನಿನ್ನ ಹತ್ತಿರದ ಸ್ನೇಹಿತೆ ಅದೇ ವಾರ್ಡಿನಲ್ಲಿದ್ದಾಳೆ ಅಲ್ವಾ? ಅವಳ ವಿಷಯದಲ್ಲಿ ಎಲ್ಲರ ಕಣ್ಣೂ ನಿನ್ನ ಮೇಲೇ ಇರುತ್ತೆ. ಅವಳನ್ನು ಮನೆಗೆ ಊಟಕ್ಕೆ ಕರಿ, ಆದರೆ ನೈಟ್ ಡ್ಯೂಟಿ ಅವಳಿಗೂ ಎಲ್ಲರಷ್ಟೇ ಹಾಕು.

ಕೊನೆಗೆ ಒಂದು. ಪೇಷಂಟ್ ಕಡೆಯವರು ಕುಡಿದು ಬಂದು ಗಲಾಟೆ ಮಾಡಿದಾಗ, ಇಲ್ಲಾ ಡಾಕ್ಟರು ರೌಂಡ್ಸ್‌ನಲ್ಲಿ ಎಲ್ಲರೆದುರು ನಿನ್ನ ಹುಡುಗಿಯನ್ನು ಏಕವಚನದಲ್ಲಿ ಬೈದಾಗ, ಮುಂದೆ ಬಂದು ನಿಲ್ಲೋಳು ನೀನೇ ಆಗಿರಬೇಕು. ಡಾಕ್ಟರಿಗೆ ಹೇಳಬೇಕಾದ್ದನ್ನು ಮರ್ಯಾದೆಯಿಂದಲೇ ಹೇಳು, "ಸರ್, ಏನಿದ್ದರೂ ನನಗೆ ಹೇಳಿ, ನಾನು ಅವಳ ಹತ್ತಿರ ಮಾತಾಡ್ತೀನಿ" ಅಂದರೆ ಸಾಕು. ಕೈ ಮಾಡೋಕೆ ಬಂದವರ ಮೇಲೆ ದೂರು ಕೊಡೋಕೆ ಹಿಂದೆಮುಂದೆ ನೋಡಬೇಡ. ನಮ್ಮ ರಾಜ್ಯದಲ್ಲಿ 2009ರಿಂದ ಅದಕ್ಕೆಂದೇ ಕಾಯ್ದೆ ಇದೆ, ಅದು ಡಾಕ್ಟರಿಗೆ ಮಾತ್ರ ಅಲ್ಲ, ನರ್ಸ್‌ಗಳಿಗೂ ಸೇರಿದ್ದು. ದೂರು ಬರೆಯುವಾಗ ಆ ಹುಡುಗಿ ಒಬ್ಬಳೇ ಸ್ಟೇಷನ್ನಿಗೆ ಹೋಗದ ಹಾಗೆ ನೋಡಿಕೋ, ಜೊತೆಗೆ ಹೋಗು.

ಮುಂದಿನ ಭಾನುವಾರ ರಜೆ ಇದ್ದರೆ ಮನೆಗೆ ಬಾ. ಅವರೆಕಾಯಿ ಚೆನ್ನಾಗಿ ಬಂದಿದೆ, ಹಿತಕಿದ ಬೇಳೆ ಸಾರು ಮಾಡ್ತೀನಿ. ಬರುವಾಗ ಮುಂದಿನ ತಿಂಗಳ ರೋಸ್ಟರ್ ತಗೊಂಡು ಬಾ, ಪೆನ್ಸಿಲಿನಲ್ಲಿ ಬರೆದದ್ದು. ಇಬ್ಬರೂ ಕೂತು ನೋಡೋಣ.

ನಿನ್ನ ಅತ್ತೆ