ಮುಂಗಡಕ್ಕೇ ನೆರವು ಬೇಕು

ಮಾನ್ಯರೇ,

ಬೆಂಗಳೂರಿನಲ್ಲಿ ದುಡಿಯುವ ಮಕ್ಕಳಿಗೆ ಮನೆ ಆಗಲಿ ಅಂತ ದಾವಣಗೆರೆ ಕಡೆಯ ಎಷ್ಟೋ ತಂದೆ ತಾಯಿ ಒಡವೆ ಅಡ ಇಡುತ್ತಿದ್ದಾರೆ, ಜಮೀನು ಮಾರುತ್ತಿದ್ದಾರೆ. ಕಂತು ಕಟ್ಟುವ ಶಕ್ತಿ ಮಕ್ಕಳಿಗಿದೆ. ಕಷ್ಟ ಇರುವುದು ಮುಂಗಡದಲ್ಲಿ, ಅಂದರೆ ಸಾಲ ಬಿಟ್ಟು ಕೈಯಿಂದ ಹಾಕುವ ಹಣದಲ್ಲಿ (ಡೌನ್ ಪೇಮೆಂಟ್). ರಿಸರ್ವ್ ಬ್ಯಾಂಕ್ ನಿಯಮದಂತೆ 30ರಿಂದ 75 ಲಕ್ಷದವರೆಗಿನ ಸಾಲ ಮನೆ ಬೆಲೆಯ ಶೇ 80 ದಾಟುವಂತಿಲ್ಲ. ಅಂದರೆ 50 ಲಕ್ಷದ ಫ್ಲ್ಯಾಟ್‌ಗೆ 10 ಲಕ್ಷ ಕೈಯಿಂದಲೇ ಹಾಕಬೇಕು. ಮುದ್ರಾಂಕ ಶುಲ್ಕ ಬೇರೆ. ನೋಂದಣಿ ಶುಲ್ಕವೂ 2025ರ ಆಗಸ್ಟ್ 31ರಿಂದ ಶೇ 1ರಿಂದ ಶೇ 2ಕ್ಕೆ ಏರಿದೆ. ಇದು ಜಾಸ್ತಿ ಆಯಿತು, ಅಲ್ವಾ?

ಕೇಂದ್ರದ ವಸತಿ ಯೋಜನೆ ಪಿಎಂ ಆವಾಸ್ 2.0ರ ಬಡ್ಡಿ ಸಬ್ಸಿಡಿ ಸಾಲ ಸಿಕ್ಕ ಮೇಲೆ ಕಂತಿನಲ್ಲಿ ಬರುತ್ತದೆ, ಅದೂ 35 ಲಕ್ಷದೊಳಗಿನ ಮನೆಗೆ ಮಾತ್ರ. ಮೊದಲ ಮನೆ ಕೊಳ್ಳುವವರಿಗೆ ಮುಂಗಡಕ್ಕೆಂದೇ ಬಡ್ಡಿಯಿಲ್ಲದ ಸಾಲವನ್ನು ರಾಜ್ಯ ಸರ್ಕಾರ ಕೊಡಲಿ. ಮನೆ ಮಾರಿದಾಗ ಆ ಹಣ ವಾಪಸ್ ಪಡೆಯಲಿ.

– ಓದುಗ, ದಾವಣಗೆರೆ